ದಾವಣಗೆರೆ ಹರಿಹರಗಳ ಮತದಾರ

ಚುನಾವಣೆಯ ಫಲಿತಾಂಶ ಹೊರಬಿದ್ದ ಮರುದಿನ ಪತ್ರಿಕೆಗಳು ಅಚ್ಚುಹಾಕುವ ಬಣ್ಣದ ಭೂಪಟವನ್ನು ನೋಡಿ, ಇಂಥ ಸೀಮೆ ಇಂಥ ಪಕ್ಷದ್ದೆಂದು ನಿರ್ಧರಿಸಿಬಿಡುವ ಅಭ್ಯಾಸ ನಮ್ಮಲ್ಲಿ ಬಲವಾಗಿ ಬೇರೂರಿದೆ. ಒಂದು ಪ್ರದೇಶದ ರಾಜಕೀಯ ಒಲವು ಅಲ್ಲಿಯ ಮಣ್ಣಿನ ಬಣ್ಣದಂತೆ ಸ್ಥಿರವಾದುದೆಂಬ ಈ ಭಾವನೆಯನ್ನು ದಾವಣಗೆರೆ ಹರಿಹರಗಳ ಅರ್ಧ ಶತಮಾನದ ಚುನಾವಣಾ ಚರಿತ್ರೆಯೊಡನೆ ಇಟ್ಟು ನೋಡಿದರೆ, ಅದು ಎಲ್ಲಿಯೂ ನಿಲ್ಲಲಾರದು. ಇಲ್ಲಿಯ ಮತದಾರನು ಯಾವ ಸಭೆಗೆ ಆರಿಸಬೇಕಾಗಿದೆ, ಕಣದಲ್ಲಿ ಯಾರೆದುರು ಯಾರಿದ್ದಾರೆ ಎಂಬುದನ್ನು ನೋಡಿಯೇ ಮತ ಚಲಾಯಿಸುತ್ತ ಬಂದಿದ್ದಾನೆ.

1984ರ ಡಿಸೆಂಬರಿನಲ್ಲಿ, ಇಂದಿರಾ ಗಾಂಧಿಯವರ ಹತ್ಯೆಯಾಗಿ ಎರಡು ತಿಂಗಳೊಳಗೆ ನಡೆದ ಲೋಕಸಭಾ ಚುನಾವಣೆಯಲ್ಲಿ, ದಾವಣಗೆರೆ ಕ್ಷೇತ್ರವು ಕಾಂಗ್ರೆಸ್ಸಿನ ಚನ್ನಯ್ಯ ಒಡೆಯರ್ ಅವರನ್ನು ದಿಲ್ಲಿಗೆ ಕಳುಹಿಸಿತು. ರಾಜ್ಯದ 28 ಸ್ಥಾನಗಳಲ್ಲಿ 24 ಆ ಪಕ್ಷಕ್ಕೇ ಸಂದವು. ಮೂರು ತಿಂಗಳು ಕಳೆಯುವಷ್ಟರಲ್ಲಿ, 1985ರ ಮಾರ್ಚಿನಲ್ಲಿ ವಿಧಾನಸಭೆಗೆ ಚುನಾವಣೆ ಬಂದಾಗ ಅದೇ ಕನ್ನಡ ನಾಡು ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ 139 ಸ್ಥಾನಗಳನ್ನಿತ್ತಿತು. ಆ ಹೊತ್ತಿನಲ್ಲಿ ದಾವಣಗೆರೆ ನಗರವು ಆರಿಸಿದ್ದು ಭಾರತ ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರನ್ನು. 1978 ಮತ್ತು 1983ರಲ್ಲಿಯೂ ಗೆದ್ದಿದ್ದ ಅವರಿಗೆ ಇದು ಮೂರನೆಯ ಜಯ. ಹತ್ತಿ ಗಿರಣಿಗಳ ಸಾಲಿನಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರಾಗಿದ್ದ ಈ ಊರಿನಲ್ಲಿ, ಪಾಳಿ ಮುಗಿಸಿ ಹೊರಬರುವ ಮಿಲ್ ಕಾರ್ಮಿಕನಿಗೆ ಬೋನಸ್ಸು, ವಸತಿ, ಕೂಲಿಯ ಪ್ರಶ್ನೆಗಳು ದಿನದಿನದ ಪ್ರಶ್ನೆಗಳಾಗಿದ್ದವು. ಅವುಗಳಿಗಾಗಿ ಹೋರಾಡಿದ ಕಾರ್ಮಿಕ ಸಂಘವು ಆತನ ಮತಕ್ಕೂ ದಾರಿ ತೋರಿತು. ಗಿರಣಿಗಳು ಒಂದೊಂದಾಗಿ ಬಾಗಿಲು ಮುಚ್ಚಿದ ಮೇಲೆ ಆ ಸಂಘಶಕ್ತಿಯೂ ಕ್ಷೀಣಿಸಿತು. 1989ರಲ್ಲಿ ಕಾಂಗ್ರೆಸ್ಸಿಗೆ ಹೋದ ಸ್ಥಾನವನ್ನು ಕೆಂಬಾವುಟ ಮರಳಿ ಪಡೆಯಲಿಲ್ಲ. ದುಡಿಮೆಯ ಸ್ವರೂಪ ಬದಲಾದಾಗ ಮತದ ಸ್ವರೂಪವೂ ಬದಲಾಗುವುದೆಂಬುದಕ್ಕೆ ಕರ್ನಾಟಕದಲ್ಲಿ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ನಾನು ಕಾಣೆ.

ತುಂಗಭದ್ರೆಯ ದಡದ ಹರಿಹರದ ನಡೆ ಇನ್ನೂ ಸ್ವತಂತ್ರವಾದುದು. 2008ರಲ್ಲಿ ಅದು ಬಿಜೆಪಿಯ ಬಿ. ಪಿ. ಹರೀಶರನ್ನು ಆರಿಸಿತು, 2013ರಲ್ಲಿ ದಾವಣಗೆರೆ ಲೋಕಸಭಾ ಕ್ಷೇತ್ರದ ಎಂಟು ವಿಧಾನಸಭಾ ಸ್ಥಾನಗಳಲ್ಲಿ ಏಳನ್ನು ಕಾಂಗ್ರೆಸ್ ಗೆದ್ದುಕೊಂಡಾಗ, ಹರಿಹರವೊಂದೇ ಜಾತ್ಯತೀತ ಜನತಾದಳದ ಎಚ್. ಎಸ್. ಶಿವಶಂಕರರ ಕೈಹಿಡಿಯಿತು, 2018ರಲ್ಲಿ ಆ ಎಂಟರಲ್ಲಿ ಆರು ಬಿಜೆಪಿಗೆ ಒಲಿದಾಗ, ದಾವಣಗೆರೆ ದಕ್ಷಿಣದೊಡನೆ ಹರಿಹರವೂ ಕಾಂಗ್ರೆಸ್ಸಿನ ಪಕ್ಷ ವಹಿಸಿ ಎಸ್. ರಾಮಪ್ಪನವರನ್ನು ಕಳುಹಿಸಿತು, 2023ರಲ್ಲಿ ಕಾಂಗ್ರೆಸ್ಸಿನ ಗಾಳಿ ಬೀಸಿ ಆರು ಸ್ಥಾನಗಳು ಅದರ ಪಾಲಾದಾಗ, ಬಿಜೆಪಿಗೆ ಉಳಿದ ಏಕಮಾತ್ರ ಸ್ಥಾನ ಮತ್ತೆ ಹರಿಹರವೇ ಆಯಿತು. ಇದನ್ನು ಮತದಾರನ ಚಂಚಲತೆಯೆಂದು ತಳ್ಳಿಹಾಕುವುದು ಅನ್ಯಾಯ. 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಕಾರ್ಮಿಕ ಮನೆತನಗಳು, ಭದ್ರಾ ನಾಲೆಯ ನೀರು ಕೊನೆಭಾಗಕ್ಕೆ ಮುಟ್ಟುವುದೋ ಇಲ್ಲವೋ ಎಂದು ಪ್ರತಿ ಬೇಸಿಗೆಯಲ್ಲಿ ಆತಂಕಪಡುವ ಭತ್ತದ ರೈತರು, ಪಂಚಮಸಾಲಿ, ಕುರುಬ, ವಾಲ್ಮೀಕಿ ಸಮುದಾಯಗಳ ಗುರುಪೀಠಗಳು, ಪಟ್ಟಣದ ಮುಸಲ್ಮಾನರು, ಪರಿಶಿಷ್ಟರು, ಇವರೆಲ್ಲ ಒಂದೇ ತಾಲ್ಲೂಕಿನಲ್ಲಿ ನೆಲೆಸಿರುವಾಗ, ಯಾವ ಒಂದು ಸಮುದಾಯವಾಗಲಿ ಪಕ್ಷವಾಗಲಿ ಅದನ್ನು ತನ್ನದೆಂದು ಹಿಡಿದಿಟ್ಟುಕೊಳ್ಳಲಾರದು.

ಲೋಕಸಭೆಯ ಮಾತು ಬೇರೆ. 2013ರಲ್ಲಿ ಏಳು ಶಾಸಕರನ್ನು ಕಾಂಗ್ರೆಸ್ಸಿಗಿತ್ತ ಇದೇ ಕ್ಷೇತ್ರ ಮರುವರ್ಷ ಬಿಜೆಪಿಯ ಜಿ. ಎಂ. ಸಿದ್ದೇಶ್ವರರನ್ನು 17,607 ಮತಗಳ ಅಂತರದಿಂದ ಗೆಲ್ಲಿಸಿತು. 2019ರಲ್ಲಿ ಆ ಅಂತರ 1,69,702ಕ್ಕೆ ಏರಿತು. 2024ರಲ್ಲಿ ಕಾಂಗ್ರೆಸ್ಸಿನ ಪ್ರಭಾ ಮಲ್ಲಿಕಾರ್ಜುನ ಅವರು 26,094 ಮತಗಳಿಂದ ಗೆದ್ದು, ಈ ಕ್ಷೇತ್ರದ ಮೊದಲ ಮಹಿಳಾ ಸಂಸದೆಯಾದರು. 2009ರಲ್ಲಿಯಂತೂ ಸಿದ್ದೇಶ್ವರರಿಗೂ ಕಾಂಗ್ರೆಸ್ಸಿನ ಎಸ್. ಎಸ್. ಮಲ್ಲಿಕಾರ್ಜುನರಿಗೂ ನಡುವೆ ಉಳಿದದ್ದು ಕೇವಲ 2,024 ಮತಗಳು. ಎಂಟು ವಿಧಾನಸಭಾ ಕ್ಷೇತ್ರಗಳಿಗೆ ಹಂಚಿದರೆ ಒಂದೊಂದಕ್ಕೆ 253. ಹೊನ್ನಾಳಿ, ಜಗಳೂರು, ಹೀಗೆ ಪ್ರತಿ ಕ್ಷೇತ್ರದಲ್ಲಿ ಒಂದೊಂದು ಸಣ್ಣ ಹಳ್ಳಿಯ ಜನರು ಅಂದು ಹೊಲದಲ್ಲಿಯೇ ಉಳಿದಿದ್ದರೆ ಫಲಿತಾಂಶ ಬದಲಾಗಲು ಸಾಕಾಗುವಷ್ಟು. ಇಂಥ ಸ್ಪರ್ಧೆ ಇರುವಲ್ಲಿ ಜನರು ಮತಗಟ್ಟೆಗೆ ಬರುವುದು ಸಹಜ. 2024ರ ಮೇ 7ರ ಸುಡುಬಿಸಿಲಿನಲ್ಲಿ ಈ ಕ್ಷೇತ್ರದ ಪ್ರತಿ ನೂರು ಮತದಾರರಲ್ಲಿ ಸುಮಾರು 77 ಮಂದಿ ಮತ ಹಾಕಿದರು. ಅದೇ ಚುನಾವಣೆಯಲ್ಲಿ ಬೆಂಗಳೂರು ದಕ್ಷಿಣದಲ್ಲಿ ಹಾಕಿದವರು 53.

ಅಮೆರಿಕದ ರೂಢಿಯನ್ನು ಇದರ ಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ. ಅಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸಿಕೊಳ್ಳುವ ಹೊಣೆ ಬಹುಮಟ್ಟಿಗೆ ಪ್ರಜೆಯದೇ. ನಾರ್ತ್ ಡಕೋಟ ರಾಜ್ಯವೊಂದರಲ್ಲಿ ಮಾತ್ರ ನೋಂದಣಿಯೇ ಬೇಡ. ಮತದಾನವು 1845ರ ಕಾನೂನಿನಂತೆ ಇಂದಿಗೂ ನವೆಂಬರಿನ ಮಂಗಳವಾರ, ಬಹು ಕಡೆ ಕೆಲಸದ ದಿನವೇ. ಅಧ್ಯಕ್ಷರ ಆಯ್ಕೆಯ ವರ್ಷ, 2020ರಲ್ಲಿ, ಅರ್ಹರಲ್ಲಿ ಮೂರನೆಯ ಎರಡು ಪಾಲು ಜನ ಮತ ಹಾಕಿದರೆ, 2014ರ ಮಧ್ಯಂತರ ಚುನಾವಣೆಯಲ್ಲಿ ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚು ಜನ ಮಾತ್ರ ಹಾಕಿದರು. ನಮ್ಮಲ್ಲಿ ಬೂತ್ ಮಟ್ಟದ ಅಧಿಕಾರಿ, ಅನೇಕ ವೇಳೆ ಅಂಗನವಾಡಿ ಕಾರ್ಯಕರ್ತೆ ಅಥವಾ ಶಾಲೆಯ ಮಾಸ್ತರು, ಮನೆಮನೆಗೆ ಬಂದು ಹೆಸರು ಬರೆದುಕೊಳ್ಳುತ್ತಾರೆ. ಮತದಾನದ ದಿನ ಸಂಬಳ ಸಹಿತ ರಜೆ ಕಾನೂನಿನಲ್ಲಿಯೇ ಇದೆ. ಈ ವ್ಯವಸ್ಥೆಯನ್ನು ಕಟ್ಟಿದವರ ದೂರದೃಷ್ಟಿಗೆ ನಾವು ಋಣಿಗಳು.

ಹಾಗಿದ್ದೂ ದಾವಣಗೆರೆ ನಗರದ ಬಡಾವಣೆಗಳಲ್ಲಿ ಮತದಾನ ಸುತ್ತಣ ಹಳ್ಳಿಗಳಷ್ಟು ಏರುವುದಿಲ್ಲ. ಅದಕ್ಕೆ ನಗರವಾಸಿಯ ಉದಾಸೀನವೊಂದೇ ಕಾರಣವೆಂದು ಹೇಳುವವರು ಪಟ್ಟಿಯನ್ನೇ ಮರೆಯುತ್ತಾರೆ. ಬಾಡಿಗೆ ಮನೆಯನ್ನು ಬದಲಿಸಿದವರ, ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳ, ಬೆಂಗಳೂರಿನಲ್ಲಿ ದುಡಿಯುವ ತರುಣರ, ತೀರಿಕೊಂಡ ಹಿರಿಯರ ಹೆಸರುಗಳು ಹಳೆಯ ಮತಗಟ್ಟೆಯಲ್ಲಿಯೇ ಉಳಿದಿದ್ದರೆ, ಅವರೆಲ್ಲ ಮತ ಹಾಕದವರ ಲೆಕ್ಕಕ್ಕೇ ಸೇರುತ್ತಾರೆ. ಮನೆ ಬದಲಿಸಿದವನು ನಮೂನೆ 8ರಲ್ಲಿ ಅರ್ಜಿ ಕೊಟ್ಟರೆ ಆತನ ಹೆಸರು ಹೊಸ ವಿಳಾಸಕ್ಕೆ ವರ್ಗವಾಗುತ್ತದೆ. ಚುನಾವಣೆ ಘೋಷಣೆಯಾಗುವವರೆಗೆ ಕಾಯದೆ, ಮನೆ ಸೇರಿದ ತಿಂಗಳಲ್ಲಿಯೇ ಅದನ್ನು ಮಾಡಿ ಮುಗಿಸುವುದು ಲೇಸು.