ಸಾಣೆ ಯಂತ್ರ ಹಳೆಯದಿರಲಿ, ಕಲ್ಲು ಹೊಸದಿರಲಿ

ಸಂಘದ ಸಭೆಗಳಿಗೆ ಹೋದಾಗ ಕೆಚ್ಚಲು ಬಾವು, ಬೆದೆ, ಖನಿಜ ಮಿಶ್ರಣದ ಬಗ್ಗೆ ಪ್ರಶ್ನೆಗಳು ಬರುವುದು ವಾಡಿಕೆ. ಈಚೆಗೆ ಇನ್ನೊಂದು ಪ್ರಶ್ನೆಯೂ ಬರತೊಡಗಿದೆ: "ಡಾಕ್ಟ್ರೇ, ಗುಜರಿ ಅಂಗಡೀಲಿ ಹಳೇ ಸಾಣೆ ಮಿಷನ್ ಇದೆಯಂತೆ, ಮೇವು ಕತ್ತರಿಸೋ ಮಿಷನ್ ಬ್ಲೇಡಿಗೆ ಆಗುತ್ತೆ, ತಗೊಳ್ಳೋಣವಾ?"

ಪಶುವೈದ್ಯರಿಗೂ ಸಾಣೆಗೂ ಏನು ಸಂಬಂಧ ಎನ್ನಬೇಡಿ. ಬ್ಲೇಡು ಮೊಂಡಾದರೆ ಜೋಳದ ದಂಟು, ನೇಪಿಯರ್ ಕಡ್ಡಿ ಕತ್ತರಿಸುವ ಬದಲು ಜಜ್ಜಿ ನಾರುನಾರಾಗಿ ಬೀಳುತ್ತದೆ. ಒಂದು ಇಂಚಿನ ತುಂಡಾಗಿ ಬಿದ್ದಿದ್ದರೆ ದಂಟನ್ನೂ ತಿನ್ನುತ್ತಿದ್ದ ಹಸು ಎಲೆ ಆರಿಸಿಕೊಂಡು ಉಳಿದದ್ದನ್ನು ಗೋದಲಿಯಲ್ಲೇ ಬಿಡುತ್ತದೆ. ಅದಕ್ಕಿಂತ ಕೆಟ್ಟದ್ದು, ಮೇವು ಸರಾಗವಾಗಿ ಒಳಗೆ ಹೋಗದಿದ್ದಾಗ ನಾವು ಕೈಯಿಂದ ಒತ್ತುತ್ತೇವೆ. ಬೆರಳು ಹೋಗುವುದು ಆಗಲೇ. ಸಾಣೆ ಹಿಡಿಸಲು ಬ್ಲೇಡು ಬಿಚ್ಚಿ ಪೇಟೆಗೆ ಒಯ್ಯಬೇಕು, ಅರ್ಧ ದಿನ ಹೋಗುತ್ತದೆ, ಅದಕ್ಕೇ ನಾಳೆ ನಾಳೆ ಎಂದು ಮುಂದೆ ಹಾಕುತ್ತೇವೆ. ಆದ್ದರಿಂದ ಮನೆಯಲ್ಲೊಂದು ಅಥವಾ ನಾಲ್ಕೈದು ಮನೆ ಸೇರಿ ಒಂದು ಸಾಣೆ ಯಂತ್ರ ಇಟ್ಟುಕೊಳ್ಳುವುದು ಒಳ್ಳೆಯ ಯೋಚನೆಯೇ.

ಬೆಂಚ್ ಗ್ರೈಂಡರ್ ಎಂದರೆ ನಡುವೆ ಮೋಟಾರು, ಎರಡು ಬದಿಗೆ ಎರಡು ಕಲ್ಲು, ಅಷ್ಟೆ. ಕೆಡುವಂಥದ್ದು ಅದರಲ್ಲಿ ಕಡಿಮೆ. ಬೆಂಗಳೂರಿನ ಪೀಣ್ಯದಂಥ ಕಡೆ ಸಣ್ಣ ವರ್ಕ್‌ಶಾಪುಗಳು ಮುಚ್ಚಿದಾಗ ಮೂವತ್ತು ನಲವತ್ತು ವರ್ಷ ದುಡಿದ ಯಂತ್ರಗಳೂ ಗುಜರಿಗೆ ಬರುತ್ತವೆ. ಎರಕದ ಕಬ್ಬಿಣದ ಮೈ, ಇಬ್ಬರು ಹಿಡಿದು ಎತ್ತುವಷ್ಟು ಭಾರ. ಆ ಭಾರವೇ ಅದರ ಗುಣ, ಓಡುವಾಗ ಅದುರುವುದಿಲ್ಲ. ಮೇಲಿನ ತುಕ್ಕು, ಹೋದ ಬಣ್ಣ ನೋಡಿ ಬೇಡ ಎನ್ನಬೇಕಿಲ್ಲ. ಹೊಸ ಬಣ್ಣ ಬಳಿದಿದ್ದರೆ ಮಾತ್ರ ನನಗೆ ಅನುಮಾನ ಬರುತ್ತದೆ.

ಮೊದಲು ಕೇಳಬೇಕಾದದ್ದು ಬೆಲೆಯಲ್ಲ, ಸಿಂಗಲ್ ಫೇಸೋ ತ್ರೀ ಫೇಸೋ ಎಂದು. ಕಾರ್ಖಾನೆಯಿಂದ ಬಂದ ಹಳೇ ಯಂತ್ರಗಳಲ್ಲಿ ಅನೇಕವು ತ್ರೀ ಫೇಸಿನವು, ಮನೆಯ ಕರೆಂಟಿಗೆ ಓಡುವುದಿಲ್ಲ. ಮೈಗೆ ಅಂಟಿಸಿದ ತಗಡಿನ ಮೇಲೆ 230 ಎಂದಿದ್ದರೆ ಸರಿ, 415 ಎಂದಿದ್ದರೆ ಬಿಟ್ಟುಬಿಡಿ.

ನಂತರ ಪ್ಲಗ್ ಕಿತ್ತು ಕಲ್ಲನ್ನು ಕೈಯಿಂದ ತಿರುಗಿಸಿ ನೋಡಿ. ಗರಗರ ಎನ್ನಬಾರದು. ಕಲ್ಲು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದರೆ ಆಡಬಾರದು. ಅಂಗಡಿಯವನಿಗೆ ಓಡಿಸಿ ತೋರಿಸಲು ಹೇಳಿ, ನೀವು ಎದುರಿಗಲ್ಲ, ಪಕ್ಕಕ್ಕೆ ದೂರ ನಿಲ್ಲಿ. ಸ್ವಿಚ್ ಆರಿಸಿದ ಮೇಲೆ ಕಿವಿಗೊಡಿ: ಬೇರಿಂಗ್ ಚೆನ್ನಾಗಿದ್ದರೆ ಸದ್ದಿಲ್ಲದೆ ಬಹಳ ಹೊತ್ತು ತಿರುಗಿ ತಾನಾಗಿ ನಿಲ್ಲುತ್ತದೆ. ಕಿರುಗುಟ್ಟಿ ಬೇಗ ನಿಂತರೆ ಬೇರಿಂಗ್ ಹೋಗಿದೆ. ಅದು ಬದಲಿಸಬಹುದಾದದ್ದೇ, ಆದರೆ ಅಷ್ಟು ಹಣ ಇಳಿಸಿ ಕೇಳಿ. ಬಾಗಿದ ಶಾಫ್ಟ್, ಸುಟ್ಟ ವಾಸನೆಯ ಮೋಟಾರು ಇದ್ದರೆ ಪುಕ್ಕಟೆ ಕೊಟ್ಟರೂ ಬೇಡ.

ಕಲ್ಲಿನ ಸುತ್ತ ಕಬ್ಬಿಣದ ಕವಚ, ಬ್ಲೇಡು ಆನಿಸಲು ಮುಂದೊಂದು ಪಟ್ಟಿ ಇರಬೇಕು. ಹಳೇ ಯಂತ್ರಗಳಲ್ಲಿ ಇವನ್ನೇ ಕಿತ್ತು ಬಿಸಾಡಿರುತ್ತಾರೆ. ಕವಚ ಇಲ್ಲದ ಯಂತ್ರ ಕೊಳ್ಳಲೇಬೇಡಿ. ಆರಿಂಚಿನ ಕಲ್ಲು ನಿಮಿಷಕ್ಕೆ ಸುಮಾರು 2800 ಸುತ್ತು ತಿರುಗುತ್ತದೆ. ಅಂದರೆ ಅದರ ಅಂಚು ಗಂಟೆಗೆ ಸುಮಾರು 80 ಕಿಲೋಮೀಟರು ವೇಗದಲ್ಲಿ ಓಡುತ್ತದೆ. ಬಿರುಕಿದ್ದು ಒಡೆದರೆ ಚೂರುಗಳು ಹೆಚ್ಚುಕಡಿಮೆ ಅದೇ ವೇಗದಲ್ಲಿ ಮುಖಕ್ಕೆ ಬರುತ್ತವೆ. ತಡೆಯುವುದು ಆ ಕವಚವೊಂದೇ.

ಆದ್ದರಿಂದಲೇ ಯಂತ್ರದ ಜೊತೆ ಬಂದ ಹಳೇ ಕಲ್ಲನ್ನು ನಂಬಬೇಡಿ ಎನ್ನುವುದು. ಎಲ್ಲಿ ಬಿದ್ದಿತ್ತೋ, ಯಾರು ಏನು ತಿಕ್ಕಿದ್ದರೋ ಗೊತ್ತಿಲ್ಲ. ಹೊಸ ಕಲ್ಲು ತನ್ನಿ. ಅದರ ಮೇಲೆ ಬರೆದ ಗರಿಷ್ಠ ವೇಗ ಯಂತ್ರದ ವೇಗಕ್ಕಿಂತ ಹೆಚ್ಚಿರಬೇಕು. ಹೊಸದನ್ನೂ ಪರೀಕ್ಷಿಸಿಯೇ ಹಾಕಿ. ಮಡಕೆ ಕೊಳ್ಳುವಾಗ ಬೆರಳು ಮಡಿಸಿ ತಟ್ಟಿ ನೋಡುತ್ತೀರಲ್ಲ, ಹಾಗೆಯೇ. ಒಣಗಿದ ಕಲ್ಲನ್ನು ನಡುವಿನ ತೂತಿನಲ್ಲಿ ಬೆರಳು ತೂರಿಸಿ ತೂಗು ಹಾಕಿ, ಮರದ ಹಿಡಿಯಿಂದ ಅಂಚಿನ ಹತ್ತಿರ ನಾಲ್ಕು ಕಡೆ ಮೆಲ್ಲಗೆ ತಟ್ಟಿ. ಠಣ್ ಎಂದರೆ ಗಟ್ಟಿ, ದೊಪ್ ಎಂದರೆ ಒಳಗೆ ಬಿರುಕು. ಕೂರಿಸುವಾಗ ಎರಡೂ ಬದಿಗೆ ಕಾಗದದ ಬಿಲ್ಲೆ ಇರಲಿ. ಎಡಗಡೆಯ ನಟ್ ಉಲ್ಟಾ ತಿರುಗುತ್ತದೆ, ಬಲ ಹಾಕಿ ಕೆಡಿಸಬೇಡಿ. ಹಾಕಿದ ಮೇಲೆ ಪಕ್ಕಕ್ಕೆ ನಿಂತು ಒಂದು ನಿಮಿಷ ಖಾಲಿ ಓಡಿಸಿ.

ಹೊಸ ಕಲ್ಲು, ಹೊಸ ವೈರು, ಮೂರು ಪಿನ್ನಿನ ಪ್ಲಗ್ ಎಲ್ಲ ಸೇರುವುದರಿಂದ ಹಳೆಯದಕ್ಕೆ ಹೊಸದರ ಅರ್ಧ ಬೆಲೆಗಿಂತ ಹೆಚ್ಚು ಕೊಡುವುದು ನನ್ನ ಲೆಕ್ಕದಲ್ಲಿ ದಂಡ. ವೈರಿನ ವಿಷಯದಲ್ಲಿ ಚೌಕಾಸಿ ಬೇಡ. ಕೊಟ್ಟಿಗೆಯ ನೆಲ ಸದಾ ಒದ್ದೆ, ನಮ್ಮ ಕಾಲು ಬರಿಗಾಲು. ಎಲೆಕ್ಟ್ರಿಷಿಯನ್ ಕರೆಸಿ ಅರ್ತ್ ಸರಿಯಿದೆಯೇ ನೋಡಿಸಿಯೇ ಓಡಿಸಿ.

ಸಾಣೆ ಹಿಡಿಯುವಾಗ ಸೆರಗು ಸಿಕ್ಕಿಸಿ, ಜಡೆ ಕಟ್ಟಿ ಒಳಗೆ ಸೇರಿಸಿ, ಬಳೆ ಮೇಲೇರಿಸುವುದಲ್ಲ, ತೆಗೆದಿಡಿ. ಕೈಗೆ ಬಟ್ಟೆ ಸುತ್ತಬೇಡಿ, ಕಲ್ಲು ಎಳೆದುಕೊಳ್ಳುತ್ತದೆ. ಕಣ್ಣಿಗೆ ಅಗಲ ಕನ್ನಡಕ ಬೇಕೇ ಬೇಕು. ಪಟ್ಟಿಗೂ ಕಲ್ಲಿಗೂ ನಡುವೆ 3 ಮಿಲಿಮೀಟರಿಗಿಂತ ಹೆಚ್ಚು ಸಂದು ಇರಬಾರದು, ಇದ್ದರೆ ಬ್ಲೇಡು ಸಿಕ್ಕಿಕೊಂಡು ಕಲ್ಲು ಒಡೆಯುತ್ತದೆ. ಕಲ್ಲು ಸವೆದಂತೆ, ಯಂತ್ರ ನಿಲ್ಲಿಸಿ, ಪಟ್ಟಿಯನ್ನು ಹತ್ತಿರ ಸರಿಸುತ್ತಿರಿ. ಬ್ಲೇಡಿನ ಇಳಿಜಾರು ಬದಿಯನ್ನು ಮಾತ್ರ ತಿಕ್ಕಿ, ಚಪ್ಪಟೆ ಬದಿ ಮುಟ್ಟಬೇಡಿ. ಆಗಾಗ ನೀರಿಗೆ ಅದ್ದಿ. ಅಂಚು ನೀಲಿಯಾಯಿತೆಂದರೆ ಹದ ಹೋಯಿತು, ಎಷ್ಟು ಮಸೆದರೂ ಹರಿತ ನಿಲ್ಲದು. ಎಲ್ಲ ಬ್ಲೇಡುಗಳನ್ನೂ ಒಂದೇ ಸಮ ಸವೆಸಿ, ಇಲ್ಲದಿದ್ದರೆ ಮೇವಿನ ಯಂತ್ರ ತೂಕ ತಪ್ಪಿ ಅದುರುತ್ತದೆ. ಬ್ಲೇಡು ಬಿಚ್ಚುವ ಮುನ್ನ, ಹಾಕುವ ಮುನ್ನ ಮೇವಿನ ಯಂತ್ರದ ಪ್ಲಗ್ ಕಿತ್ತು ನಿಮ್ಮ ಕಣ್ಣೆದುರಿಗೇ ಇಟ್ಟುಕೊಳ್ಳಿ.

ಇನ್ನು ನನ್ನ ಕಸುಬಿನ ಮಾತು. ಯಂತ್ರವನ್ನು ಮೇವಿನ ರಾಶಿಯ ಹತ್ತಿರ ಕೂರಿಸಬೇಡಿ. ಕಿಡಿ ಹಾರಿ ಹುಲ್ಲು ಹತ್ತಿಕೊಳ್ಳುವ ಭಯ ಎಲ್ಲರಿಗೂ ತಿಳಿದದ್ದೇ. ಬ್ಲೇಡಿನ ಮುರುಕು, ತಂತಿ, ಮೊಳೆ ಮೇವಿಗೆ ಸೇರುವುದನ್ನು ಯಾರೂ ನೋಡುವುದಿಲ್ಲ. ಹಸು ಮೇವನ್ನು ಅಗಿಯದೆ ನುಂಗಿ ಆಮೇಲೆ ಮೆಲುಕು ಹಾಕುವ ಪ್ರಾಣಿ. ನುಂಗಿದ ಕಬ್ಬಿಣ ಜೇನುಗೂಡಿನಂಥ ಎರಡನೇ ಹೊಟ್ಟೆಗೆ ಇಳಿದು ಅಲ್ಲೇ ಕೂರುತ್ತದೆ. ಹೃದಯ ಇರುವುದು ಅದರ ಮುಂದೆಯೇ, ನಡುವೆ ತೆಳು ಪರದೆಯೊಂದೇ. ಹಾಲು ದಿಢೀರನೆ ಇಳಿದು, ಹಸು ಬೆನ್ನು ಗೂನು ಮಾಡಿ, ಮುಂಗಾಲಿನ ಮೊಣಕೈ ಹೊರಗೆ ಚಾಚಿ ನಿಂತರೆ, ಮಲಗಲು ನರಳಿದರೆ ತಡಮಾಡದೆ ಕರೆ ಮಾಡಿ. ಎದೆಯ ಕೆಳಗೆ ಊದಿಕೊಂಡ ಮೇಲೆ ಕರೆದರೆ ನಮ್ಮ ಕೈಯಲ್ಲಿ ಉಳಿಯುವುದು ಕಡಿಮೆ.

ಸಾಣೆ ಮುಗಿದ ಮೇಲೆ ಹಳೇ ರೇಡಿಯೋ ಸ್ಪೀಕರಿನ ಅಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅಲ್ಲಿನ ನೆಲದ ಮೇಲೆ ಆಡಿಸಿ. ಅಂಟಿದ ಚೂರುಗಳನ್ನು ಕವರು ಮಗುಚಿ ಡಬ್ಬಿಗೆ ಹಾಕಿ. ತಿಪ್ಪೆಗೆ ಎಸೆಯಬೇಡಿ, ತಿಪ್ಪೆ ಹೊಲಕ್ಕೆ ಹೋಗುತ್ತದೆ, ಹೊಲದಿಂದ ಮೇವು ಮತ್ತೆ ಗೋದಲಿಗೇ ಬರುತ್ತದೆ.