ಮಳೆಗಾಲಕ್ಕೆ ಮುನ್ನ ಮನೆಯ ಮಾಡು

ಮೇ ತಿಂಗಳ ಕೊನೆಯ ದಿನಗಳು. ಮಧ್ಯಾಹ್ನದವರೆಗೆ ಉರಿಬಿಸಿಲು. ಸಂಜೆಯಾಗುವಷ್ಟರಲ್ಲಿ ಬಾನಂಚಿನಲ್ಲಿ ಕಾರ್ಮೋಡ ಕವಿದು, ಗುಡುಗು ಮಿಂಚುಗಳೊಡನೆ ಬಿರುಗಾಳಿ ಎದ್ದಿತು. ಅದರ ಆರ್ಭಟವೆಲ್ಲ ಕಾಲು ಗಂಟೆಯದು. ಗಾಳಿ ನಿಂತ ಮೇಲೆ ಹೊರಗೆ ಬಂದು ನೋಡಿದರೆ, ಒಂದು ಮನೆಯ ಮಾಡಿನ ಅರ್ಧಭಾಗ ಹಿತ್ತಲಿನ ಬಾಳೆಗಿಡಗಳ ಮೇಲೆ ಬಿದ್ದಿದೆ. ನೆರೆಮನೆಯದರಲ್ಲಿ ಒಂದು ಹೆಂಚೂ ಅಲುಗಿಲ್ಲ. ಎರಡೂ ಒಂದೇ ಕಾಲದಲ್ಲಿ ಕಟ್ಟಿದ ಮನೆಗಳು. ಬೀಸಿದ ಗಾಳಿಯೂ ಒಂದೇ. ನಮ್ಮ ಕರಾವಳಿ ಮಲೆನಾಡುಗಳಲ್ಲಿ ಇಂಥ ದೃಶ್ಯ ಹೊಸದಲ್ಲ. ‘ಪಾಪ, ಅವರ ದುರದೃಷ್ಟ’ ಎಂದು ಹೇಳಿ ನಾವು ಸುಮ್ಮನಾಗುತ್ತೇವೆ. ಆದರೆ ಪ್ರಕೃತಿ ಯಾರ ಮೇಲೂ ಪಕ್ಷಪಾತ ತೋರುವುದಿಲ್ಲ. ಒಂದು ಮಾಡು ಹಾರಿ ಇನ್ನೊಂದು ಉಳಿದರೆ ಅದಕ್ಕೆ ಕಾರಣವಿರಲೇಬೇಕು. ಆ ಕಾರಣವನ್ನು ಅರಿತವನಿಗೆ ಬೇಸಗೆಯಲ್ಲಿ ಏನು ಮಾಡಬೇಕೆಂಬುದು ತಾನಾಗಿಯೇ ಹೊಳೆಯುತ್ತದೆ.

ಒತ್ತುವ ಗಾಳಿಯೋ, ಎತ್ತುವ ಗಾಳಿಯೋ?

ಬಿರುಗಾಳಿ ಛಾವಣಿಯನ್ನು ಮೇಲಿನಿಂದ ಒತ್ತಿ ಮುರಿಯುತ್ತದೆಂಬುದು ಹಲವರ ಊಹೆ. ವಾಸ್ತವವಾಗಿ ನಡೆಯುವುದು ಬಹುಮಟ್ಟಿಗೆ ಇದಕ್ಕೆ ವಿರುದ್ಧ. ಒಂದು ಕಾಗದದ ಹಾಳೆಯ ಅಂಚನ್ನು ಕೆಳದುಟಿಗೆ ತಗುಲಿಸಿ ಹಿಡಿಯಿರಿ. ಹಾಳೆಯ ಉಳಿದ ಭಾಗ ಬಾಗಿ ಕೆಳಗೆ ಇಳಿಬಿದ್ದಿರುತ್ತದೆ. ಈಗ ಅದರ ಮೇಲುಭಾಗದ ಗುಂಟ ಬಲವಾಗಿ ಊದಿರಿ. ಹಾಳೆ ಕೆಳಗಿಳಿಯುವ ಬದಲು ಮೇಲೇಳುತ್ತದೆ! ಬಾಗಿದ ಮೈಯನ್ನು ಅನುಸರಿಸಿ ಹರಿಯುವ ಗಾಳಿಯ ಒತ್ತಡ ಅಲ್ಲಿ ಕುಗ್ಗುತ್ತದೆ. ಕೆಳಗಿರುವ ನಿಶ್ಚಲ ವಾಯುವಿನ ಒತ್ತಡ ಹಾಳೆಯನ್ನು ಮೇಲಕ್ಕೆ ನೂಕುತ್ತದೆ. ಹರಿಯುವ ದ್ರವದಲ್ಲಿ ವೇಗಕ್ಕೂ ಒತ್ತಡಕ್ಕೂ ಇರುವ ಸಂಬಂಧವನ್ನು ಡೇನಿಯಲ್ ಬರ್ನೌಲಿ ಎಂಬ ಸ್ವಿಸ್ ಗಣಿತಜ್ಞ 1738ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿದನು.

ಗೋಡೆಗೆ ಬಡಿದ ಗಾಳಿ ಮುಂದೆ ಹೋಗಲಾರದೆ ಮೇಲಕ್ಕೇರಿ ಮಾಡನ್ನು ದಾಟುತ್ತದೆ. ಸೂರಿನ ಅಂಚಿನಲ್ಲಿಯೂ ಮಾಡಿನ ನೆತ್ತಿಯಲ್ಲಿಯೂ ಅದು ಥಟ್ಟನೆ ತಿರುಗಲಾರದು. ಆದುದರಿಂದ ಮೈಯನ್ನು ಬಿಟ್ಟು ಹಾಯುತ್ತದೆ. ಅದರ ಹಿಂದೆ ಸುಳಿಗಳಿಂದ ತುಂಬಿದ, ಒತ್ತಡ ಕಡಮೆಯಾದ ಪ್ರದೇಶವೊಂದು ಉಂಟಾಗುತ್ತದೆ. ಗಾಳಿಯ ಮರೆಗಿರುವ ಇಳಿಜಾರು ಈ ಎಳೆತಕ್ಕೆ ಸಿಕ್ಕಿಯೇ ಸಿಕ್ಕುತ್ತದೆ. ಇಳಿಜಾರು ಕಡಮೆಯಿದ್ದಲ್ಲಿ ಗಾಳಿಗೆದುರಾದ ಬದಿಯೂ ಅದರಿಂದ ತಪ್ಪಿಸಿಕೊಳ್ಳಲಾರದು. ಸೂರು, ಮೂಲೆ, ನೆತ್ತಿ, ಇವು ಮೂರೂ ಅತಿ ಹೆಚ್ಚಿನ ಎಳೆತದ ಸ್ಥಾನಗಳು. ಸೂರಿಗಂತೂ ಇಮ್ಮಡಿ ಕಷ್ಟ: ಮೇಲಿನಿಂದ ಎಳೆತ, ಅಡಿಯಿಂದ ನೂಕು.

ಇದೇ ವೇಳೆಗೆ ಗಾಳಿಗೆದುರಾಗಿ ಒಂದು ಕಿಟಕಿ ತೆರೆದಿತ್ತೆನ್ನಿ. ಒಳನುಗ್ಗಿದ ಗಾಳಿ ಮನೆಯನ್ನು ಚೆಂಡಿನಂತೆ ಉಬ್ಬಿಸಹೊರಡುತ್ತದೆ. ಹೊರಗಿನ ಎಳೆತಕ್ಕೆ ಒಳಗಿನ ನೂಕೂ ಕೂಡಿಕೊಳ್ಳುತ್ತದೆ. ಕಿಟಕಿ ತೆರೆದಿಟ್ಟರೆ ಒಳಹೊರಗಿನ ಒತ್ತಡ ಸಮವಾಗಿ ಮನೆ ಉಳಿಯುವುದೆಂಬ ನಂಬಿಕೆ ಕೆಲವರಲ್ಲಿದೆ. ಅದು ಅಪಾಯಕರವಾದ ತಪ್ಪು. ಬಿರುಗಾಳಿಯಲ್ಲಿ ಬಾಗಿಲು ಕಿಟಕಿಗಳನ್ನು ಭದ್ರವಾಗಿ ಮುಚ್ಚುವುದೇ ಸರಿ.

ಲೆಕ್ಕ ಏನು ಹೇಳುತ್ತದೆ?

ಗಾಳಿಯ ಒತ್ತಡ ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟು, ಮೂರರಷ್ಟಾದರೆ ಒಂಬತ್ತರಷ್ಟು. ಗಂಟೆಗೆ 60 ಕಿಲೋಮೀಟರ್ ವೇಗದ ಗಾಳಿ ಒಂದು ಚದರ ಮೀಟರಿನ ಮೇಲೆ ಸುಮಾರು 17 ಕಿಲೋಗ್ರಾಂ ತೂಕಕ್ಕೆ ಸಮನಾದ ಬಲವನ್ನು ಪ್ರಯೋಗಿಸುತ್ತದೆ. 120 ಕಿಲೋಮೀಟರ್ ವೇಗದಲ್ಲಿ ಅದು 68 ಕಿಲೋಗ್ರಾಂ ಆಗುತ್ತದೆ. ಕಟ್ಟಡಗಳ ರಚನೆಗಾಗಿ ಭಾರತೀಯ ಮಾನಕ ಸಂಸ್ಥೆ ಮಂಗಳೂರಿಗೆ ನಿಗದಿಮಾಡಿರುವ ಮೂಲ ವೇಗ ಸೆಕೆಂಡಿಗೆ 39 ಮೀಟರ್, ಎಂದರೆ ಗಂಟೆಗೆ ಸುಮಾರು 140 ಕಿಲೋಮೀಟರ್. ಆ ವೇಗದಲ್ಲಿ ಬಲ 93 ಕಿಲೋಗ್ರಾಂ. ಮಾಡನ್ನು ಎತ್ತುವ ಬಲ ಎಲ್ಲೆಡೆಯೂ ಇಷ್ಟೇ ಇರುವುದಿಲ್ಲ. ನಡುಭಾಗದಲ್ಲಿ ಇದಕ್ಕಿಂತ ಕಡಮೆ, ಅಂಚು ಮೂಲೆಗಳಲ್ಲಿ ಇದಕ್ಕಿಂತಲೂ ಹೆಚ್ಚು.

ಈಗ ಛಾವಣಿಯ ಭಾರವನ್ನು ನೋಡೋಣ. ಒಂದು ಚದರ ಮೀಟರಿಗೆ ಸುಮಾರು 15 ಮಂಗಳೂರು ಹೆಂಚುಗಳು ಬೇಕು. ಒಂದೊಂದರ ತೂಕ ಎರಡರಿಂದ ಮೂರು ಕಿಲೋಗ್ರಾಂ. ಒಟ್ಟು ಮೂವತ್ತರಿಂದ ನಲವತ್ತೈದು ಕಿಲೋಗ್ರಾಂ ಆಯಿತು. ಸಾಧಾರಣ ಗಾಳಿಯನ್ನು ಎದುರಿಸಲು ಈ ಭಾರವೇ ಸಾಕು, ಬಿರುಗಾಳಿಗೆ ಸಾಲದು. ಈಚೆಗೆ ಎಲ್ಲೆಲ್ಲಿಯೂ ಕಾಣುವ ತೆಳುವಾದ ಕಬ್ಬಿಣದ ತಗಡಿನ ಪಾಡೇನು? ಅದರ ತೂಕ ಚದರ ಮೀಟರಿಗೆ ಹೆಚ್ಚೆಂದರೆ ಐದಾರು ಕಿಲೋಗ್ರಾಂ. ಭಾರದಿಂದ ಅದು ನಿಲ್ಲುತ್ತದೆಂಬ ಮಾತೇ ಇಲ್ಲ. ಅದನ್ನು ಹಿಡಿದಿರುವುದು ತಿರುಪುಮೊಳೆಗಳು ಮಾತ್ರ. ಅಂಚಿನ ಒಂದು ಮೊಳೆ ಸಡಿಲವಾದರೆ ಅದರ ಹೊರೆ ಪಕ್ಕದ ಮೊಳೆಯ ಮೇಲೆ ಬೀಳುತ್ತದೆ. ಅದೂ ಕಿತ್ತರೆ ಮೂರನೆಯದರ ಮೇಲೆ. ಹೊಲಿಗೆ ಬಿಚ್ಚಿದಂತೆ ಇಡೀ ಹಾಳೆ ಎದ್ದುಹೋಗಲು ಕ್ಷಣಗಳೇ ಸಾಕು. ಹಾಗೆ ಹಾರಿದ ತಗಡು ಬೀದಿಯಲ್ಲಿರುವವರ ಪಾಲಿಗೆ ಬೀಸಿದ ಕತ್ತಿಯೇ ಸರಿ.

ಹೆಂಚಿನಿಂದ ತಳಪಾಯದವರೆಗೆ

ಮನೆ ಕಟ್ಟುವಾಗ ನಾವು ಯೋಚಿಸುವುದು ಮೇಲಿನ ಭಾರ ಕೆಳಕ್ಕೆ ಹೇಗೆ ಇಳಿಯುತ್ತದೆಂಬುದನ್ನು. ಬಿರುಗಾಳಿ ಕೇಳುವ ಪ್ರಶ್ನೆ ಬೇರೆ: ಮೇಲಕ್ಕೆಳೆದಾಗ ಮಾಡನ್ನು ನೆಲಕ್ಕೆ ಹಿಡಿದಿರುವುದು ಯಾವುದು? ಹೆಂಚನ್ನು ರೀಪು, ರೀಪನ್ನು ಪಕಾಸು, ಪಕಾಸನ್ನು ಗೋಡೆಯ ನೆತ್ತಿಯ ಅಡ್ಡಮರ, ಆ ಮರವನ್ನು ಗೋಡೆ, ಗೋಡೆಯನ್ನು ತಳಪಾಯ ಹಿಡಿದಿರಬೇಕು. ಇದೊಂದು ಸರಪಣಿ. ಅತ್ಯಂತ ದುರ್ಬಲವಾದ ಕೊಂಡಿಗೆ ಎಷ್ಟು ಶಕ್ತಿಯೋ ಸರಪಣಿಗೂ ಅಷ್ಟೇ ಶಕ್ತಿ.

ಅನೇಕ ಹಳೆಯ ಮನೆಗಳಲ್ಲಿ ಆ ಅಡ್ಡಮರ ಗೋಡೆಯ ಮೇಲೆ ಸುಮ್ಮನೆ ಕುಳಿತಿರುತ್ತದೆ. ನಮ್ಮ ಮೊದಲ ದೃಶ್ಯದಲ್ಲಿ ಹಾರಿದ ಮಾಡಿನ ಗುಟ್ಟು ಬಹುಶಃ ಇಂಥದೇ ಒಂದು ಸಡಿಲ ಕೊಂಡಿ. ಇದಕ್ಕೆ ಪರಿಹಾರ ದುಬಾರಿಯಲ್ಲ. ಪಕಾಸನ್ನೂ ಅಡ್ಡಮರವನ್ನೂ ಬಳಸಿ ಹಿಡಿಯುವ ತುಕ್ಕುನಿರೋಧಕ ಕಬ್ಬಿಣದ ಪಟ್ಟಿಗಳನ್ನು ಬಡಿಯಬಹುದು. ಅಡ್ಡಮರವನ್ನು ಗೋಡೆಯೊಳಗೆ ಆಳವಾಗಿ ಹುಗಿದ ಬೋಲ್ಟುಗಳಿಂದ ಬಿಗಿಯಬಹುದು. ಅನೇಕ ಹೆಂಚುಗಳ ಅಡಿಯಲ್ಲಿ ತಂತಿ ಪೋಣಿಸಲೆಂದೇ ಒಂದು ರಂಧ್ರವಿರುತ್ತದೆ. ಸೂರಿನ ಸಾಲು, ಪಕ್ಕದ ಅಂಚುಗಳು, ನೆತ್ತಿಯ ಸಾಲು, ಇಷ್ಟನ್ನಾದರೂ ರೀಪಿಗೆ ಕಟ್ಟಿದರೆ ಎಳೆತ ಅತಿಯಾದ ಸ್ಥಾನಗಳಿಗೆ ರಕ್ಷಣೆ ದೊರೆತಂತೆ. ತಗಡಿನ ಮಾಡಿನಲ್ಲಿ ಅಂಚು ಮೂಲೆಗಳಿಗೆ ನಡುಭಾಗಕ್ಕಿಂತ ಒತ್ತೊತ್ತಾಗಿ ಮೊಳೆ ಹಾಕಬೇಕು.

ನೀರಿನ ಜಾಣತನ

ಗಾಳಿಯ ಜೊತೆಗಾರ ನೀರು. ಮಂಗಳೂರಿನಲ್ಲಿ ವರ್ಷಕ್ಕೆ 3500 ಮಿಲಿಮೀಟರಿಗೂ, ಆಗುಂಬೆಯಲ್ಲಿ 7000 ಮಿಲಿಮೀಟರಿಗೂ ಮೇಲ್ಪಟ್ಟು ಮಳೆಯಾಗುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ನೂರು ಚದರ ಮೀಟರ್ ನೆಲವನ್ನು ಮುಚ್ಚುವ ಮಾಡಿನ ಮೇಲೆ ಒಂದು ದಿನ 100 ಮಿಲಿಮೀಟರ್ ಮಳೆ ಬಿದ್ದರೆ, ಇಳಿದುಹೋಗಬೇಕಾದ ನೀರು 10,000 ಲೀಟರ್, ಎಂದರೆ ಹತ್ತು ಟನ್ನು!

ನೀರು ಇಳಿಜಾರಿನಲ್ಲಿ ಕೆಳಕ್ಕೆ ಮಾತ್ರ ಹರಿಯುವುದಾಗಿದ್ದರೆ ಚಿಂತೆಯಿರಲಿಲ್ಲ. ಆದರೆ ದೀಪದ ಬತ್ತಿಯಲ್ಲಿ ಎಣ್ಣೆ ಮೇಲೇರುವಂತೆ, ಎರಡು ಮೈಗಳ ನಡುವಣ ಕೂದಲೆಳೆಯಷ್ಟು ಸಂದಿಯಲ್ಲಿ ನೀರು ಮೇಲಕ್ಕೂ ಏರಬಲ್ಲದು. ಇದಕ್ಕೆ ಲೋಮನಾಳ ಕ್ರಿಯೆ ಎಂದು ಹೆಸರು. ಸಾಲದುದಕ್ಕೆ ಗಾಳಿಯೂ ಅದನ್ನು ಹಿಂದಿನಿಂದ ನೂಕುತ್ತದೆ. ಮಂಗಳೂರು ಹೆಂಚಿನ ವೈಶಿಷ್ಟ್ಯ ಇರುವುದು ಇಲ್ಲಿಯೇ. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನಲ್ಲಿ ಇಂಥ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದನು. ಅದರ ಅಂಚಿನಲ್ಲಿರುವ ಉಬ್ಬುತಗ್ಗುಗಳು ಅಲಂಕಾರಕ್ಕಲ್ಲ. ಒಂದರ ಉಬ್ಬು ಇನ್ನೊಂದರ ತಗ್ಗಿನಲ್ಲಿ ಕೂಡುತ್ತದೆ. ಕಿರಿದಾದ ಸಂದಿಯಲ್ಲಿ ತೆವಳಿ ಬಂದ ನೀರು ಅಗಲವಾದ ಕಾಲುವೆಯನ್ನು ಸೇರುತ್ತಲೇ ಲೋಮನಾಳ ಕ್ರಿಯೆ ಮುರಿಯುತ್ತದೆ. ನೀರು ಕಾಲುವೆಯಲ್ಲಿ ಇಳಿದು ಕೆಳಗಿನ ಹೆಂಚಿನ ಮೇಲೆ ಬೀಳುತ್ತದೆ. ಈ ಕಾಲುವೆಯಲ್ಲಿ ಪಾಚಿ, ಮಣ್ಣು, ತರಗೆಲೆಗಳು ತುಂಬಿಕೊಂಡರೆ ಏನಾಗುವುದೆಂದು ನೀವೇ ಊಹಿಸಬಹುದು. ಒಡೆಯದ ಹೆಂಚೂ ಸೋರುವುದು ಈ ಕಾರಣದಿಂದಲೇ.

ಸೋರಿದ ನೀರು ನೆಲವನ್ನು ಒದ್ದೆಮಾಡಿದರೆ ನಷ್ಟ ಅಲ್ಪ. ಆದರೆ ಅದು ಮರವನ್ನು ಸೇರುತ್ತದೆ. ಮರದಲ್ಲಿ ತೇವ ಶೇಕಡ 20ನ್ನು ಮೀರಿ ನಿಂತರೆ ಅದನ್ನು ಕೊಳೆಸುವ ಶಿಲೀಂಧ್ರಗಳು ಬೆಳೆಯತೊಡಗುತ್ತವೆ. ಗೆದ್ದಲಿಗೂ ಒದ್ದೆ ಮರವೆಂದರೆ ಪ್ರಿಯ. ಕೊಳೆತ ಮರದಲ್ಲಿ ಮೊಳೆ ಹಿಡಿತ ತಪ್ಪುತ್ತದೆ. ಈ ವರ್ಷದ ಸಣ್ಣ ಸೋರಿಕೆ ಕೆಲವು ವರ್ಷಗಳ ಮೇಲೆ ಬೀಸುವ ಬಿರುಗಾಳಿಗೆ ಹೀಗೆ ದಾರಿ ಮಾಡಿಕೊಟ್ಟಿರುತ್ತದೆ.

ಬೇಸಗೆಯ ಕೆಲಸ

ಮುಂಗಾರು ನಮ್ಮ ಕರಾವಳಿಯನ್ನು ಮುಟ್ಟುವುದು ಸಾಮಾನ್ಯವಾಗಿ ಜೂನ್ ಮೊದಲ ವಾರದಲ್ಲಿ. ಅದಕ್ಕೂ ಮೊದಲೇ ಗಾಳಿ ಬರಬಹುದು: 2021ರ ಮೇ ತಿಂಗಳ ನಡುವಿನಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಲ್ಲಿಯೇ ಸಾಗಿ ಗುಜರಾತನ್ನು ಸೇರಿತು. ಆದುದರಿಂದ ಮಾಡಿನ ಕೆಲಸ ಏಪ್ರಿಲ್ ತಿಂಗಳಿನಲ್ಲಿಯೇ ಮುಗಿಯುವುದು ಲೇಸು.

ಪರೀಕ್ಷೆಯನ್ನು ಒಳಗಿನಿಂದ ಆರಂಭಿಸಬೇಕು. ಹಗಲಿನಲ್ಲಿ ಅಟ್ಟವೇರಿ ನಿಂತರೆ ಬೆಳಕಿನ ಚುಕ್ಕೆಗಳು ಬಿರುಕುಗಳನ್ನು ತೋರಿಸಿಕೊಡುತ್ತವೆ. ಮರದ ಮೇಲಿನ ಕಪ್ಪು ಕಲೆಗಳು ಹಳೆಯ ಸೋರಿಕೆಯ ಸಾಕ್ಷಿ. ನೀರು ಪಕಾಸಿನ ಗುಂಟ ಹರಿದು ಬೇರೆಡೆ ತೊಟ್ಟಿಕ್ಕುವುದರಿಂದ ಸೋರಿಕೆಯ ಮೂಲವನ್ನು ಕಲೆಗಿಂತ ಮೇಲುಗಡೆ ಹುಡುಕಬೇಕು. ಮೊನಚಾದ ಉಳಿಯಿಂದ ಪಕಾಸುಗಳ ತುದಿಯನ್ನು ಚುಚ್ಚಿ ನೋಡಿದರೆ ಗಟ್ಟಿ ಮರ ತಡೆಯುತ್ತದೆ, ಕೊಳೆತ ಮರ ಒಳಕ್ಕೆ ಬಿಡುತ್ತದೆ. ಕೊಳೆತುದನ್ನು ಬದಲಿಸದೆ ಮೇಲಿನ ಹೆಂಚನ್ನು ಮಾತ್ರ ಬದಲಿಸಿ ಫಲವಿಲ್ಲ.

ಅನಂತರ ಹೊರಗೆ. ಒಡೆದ ಹೆಂಚುಗಳನ್ನು ತೆಗೆದು ಅದೇ ಅಚ್ಚಿನವನ್ನು ಹಾಕಬೇಕು. ಅಚ್ಚು ಬೇರೆಯಾದರೆ ಉಬ್ಬುತಗ್ಗುಗಳು ಕೂಡುವುದಿಲ್ಲ. ಸರಿದ ಹೆಂಚುಗಳನ್ನು ಸ್ವಸ್ಥಾನಕ್ಕೆ ತಂದು, ನೆತ್ತಿಯ ಗಾರೆ ಬಿರಿದಿದ್ದರೆ ಕೆತ್ತಿ ಹೊಸದಾಗಿ ತುಂಬಬೇಕು. ಎರಡು ಇಳಿಜಾರುಗಳು ಕೂಡುವ ಕಡೆಯ ತಗಡಿನ ದೋಣಿಯನ್ನೂ ಸೂರಿನ ದಂಬೆಯನ್ನೂ ಗುಡಿಸಿ, ಒಂದು ಕೊಡ ನೀರು ಹೊಯ್ದು, ಸರಾಗವಾಗಿ ಹರಿಯುವುದೇ ಎಂದು ನೋಡಬೇಕು. ಮಾಡಿನ ಮೇಲೆ ಚಾಚಿದ ಕೊಂಬೆಗಳನ್ನೂ ತೆಂಗಿನ ಒಣಮಡಲುಗಳನ್ನೂ ತೆಗೆಸಬೇಕು.

ಏಣಿ ಹತ್ತುವ ಮುನ್ನ

ಇಷ್ಟನ್ನೂ ಓದಿ ತರುಣ ಓದುಗರು ಕೂಡಲೇ ಮಾಡಿಗೇರುವುದು ಬೇಡ. ಬಿರುಗಾಳಿ ಮುಟ್ಟದ ಪ್ರಾಣಗಳು ಏಣಿಯಿಂದ ಜಾರಿ ಹೋದದ್ದುಂಟು. ಪಾಚಿಗಟ್ಟಿದ ಹೆಂಚು ಎಣ್ಣೆ ಸವರಿದ ಕಲ್ಲಿನಂತೆ ಜಾರುತ್ತದೆ. ಕಲ್ನಾರಿನ ಹಾಳೆ ನೋಡಲು ಗಟ್ಟಿ. ಹಳೆಯದಾದಂತೆ ಕಾಲಿಟ್ಟಲ್ಲಿ ಮುರಿದು ಮನುಷ್ಯನನ್ನು ಕೆಳಗೆ ಕೆಡವುತ್ತದೆ. ಅದನ್ನು ಕೊಯ್ದಾಗ ಏಳುವ ಧೂಳು ಶ್ವಾಸಕೋಶಕ್ಕೆ ಅತಿ ಹಾನಿಕರ. ಇಂಥ ಕೆಲಸವನ್ನು ಅನುಭವಿಗಳಿಗೇ ಬಿಡಬೇಕು. ಅವರ ಸೊಂಟಕ್ಕೂ ಹಗ್ಗದ ಆಸರೆಯಿರಬೇಕು. ಏಣಿಯ ತುದಿ ನಾಲ್ಕು ಮೀಟರ್ ಎತ್ತರದಲ್ಲಿದ್ದರೆ ಬುಡ ಗೋಡೆಯಿಂದ ಒಂದು ಮೀಟರ್ ದೂರವಿರಲಿ. ಬುಡವನ್ನು ಹಿಡಿಯಲು ಒಬ್ಬರು ಇರಲಿ. ವಿದ್ಯುತ್ತಿನ ತಂತಿ ಹತ್ತಿರವಿರುವ ಕಡೆ ಲೋಹದ ಏಣಿ ಸಲ್ಲದು. ಮಳೆ ಸುರಿಯುವಾಗ ಸೋರಿಕೆ ಕಂಡರೆ ಅದರ ಕೆಳಗೆ ಪಾತ್ರೆಯಿಟ್ಟು ಮಳೆ ನಿಲ್ಲುವುದನ್ನು ಕಾಯುವುದೇ ವಿವೇಕ.

ವಿದ್ಯಾರ್ಥಿಗಳು ಮಾಡಬಹುದಾದ ಕೆಲಸ ಬೇರೆಯಿದೆ. ಈ ಭಾನುವಾರ ಒಂದು ಕೈದೀಪ ಹಿಡಿದು ನಿಮ್ಮ ಮನೆಯ ಅಟ್ಟದಲ್ಲಿ ನಿಲ್ಲಿರಿ. ಹೆಂಚಿನಿಂದ ತಳಪಾಯದವರೆಗಿನ ಸರಪಣಿಯನ್ನು ಒಂದೊಂದಾಗಿ ನೋಡುತ್ತ ಬನ್ನಿ. ಎಲ್ಲಿ ಕೊಂಡಿ ಸಡಿಲವಾಗಿದೆಯೆಂದು ಬರೆದುಕೊಂಡು ಹಿರಿಯರಿಗೆ ತೋರಿಸಿರಿ. ಬೀಸುವ ಗಾಳಿಯನ್ನು ತಡೆಯುವ ಶಕ್ತಿ ನಮಗಿಲ್ಲ. ಆದರೆ ಅದು ಎಲ್ಲಿ ಕೈ ಹಾಕುತ್ತದೆಂಬುದು ನಮಗೆ ಗೊತ್ತು. ಅಲ್ಲಿ ನಾಲ್ಕು ಮೊಳೆಗಳನ್ನು ಮೊದಲೇ ಬಿಗಿದಿಡುವುದು ನಮ್ಮ ಕೈಯಲ್ಲಿಯೇ ಇದೆ.