ಮಗುವಿನ ತೂಕ ಹೇಳುವ ಸತ್ಯ

ಸಮಾಜ ತಾಯಿಯನ್ನು ನಡೆಸಿಕೊಳ್ಳುವ ರೀತಿಗೂ ಹುಟ್ಟುವ ಮಗುವಿನ ತೂಕಕ್ಕೂ ಸಂಬಂಧ ಇದೆಯೇ? ಈ ಸಲದ ಆರೋಗ್ಯ ಲೇಖನದ ವಿಷಯ ಇದು.

ಅಮೆರಿಕದಲ್ಲಿ ಕಪ್ಪು ಜನರ ಮಕ್ಕಳು ಬಿಳಿಯರ ಮಕ್ಕಳಿಗಿಂತ ಕಡಿಮೆ ತೂಕದಲ್ಲಿ ಹುಟ್ಟುವುದು ಹೆಚ್ಚು. ವರ್ಷ ತುಂಬುವ ಮೊದಲೇ ತೀರಿಕೊಳ್ಳುವ ಶಿಶುಗಳ ಪ್ರಮಾಣವೂ ಅವರಲ್ಲಿ ಸುಮಾರು ಎರಡು ಪಟ್ಟು. ಇದು ವಂಶದಿಂದ ಬಂದದ್ದು ಎಂದು ಹಲವರು ನಂಬಿದ್ದರು. ಹಾಗಿದ್ದರೆ ಆಫ್ರಿಕದಿಂದ ಬಂದು ಅಲ್ಲಿ ನೆಲೆಸಿದ ತಾಯಂದಿರ ಮಕ್ಕಳೂ ಅಷ್ಟೇ ಕಡಿಮೆ ತೂಗಬೇಕು.

ಷಿಕಾಗೊದ ವೈದ್ಯರಾದ ರಿಚರ್ಡ್ ಡೇವಿಡ್ ಮತ್ತು ಜೇಮ್ಸ್ ಕಾಲಿನ್ಸ್ ಇದನ್ನೇ ಪರೀಕ್ಷಿಸಿದರು. ಇಲಿನಾಯ್ ರಾಜ್ಯದ 1980ರಿಂದ 1995ರವರೆಗಿನ ಜನನ ದಾಖಲೆಗಳಿಂದ ಅವರಿಗೆ ಸಿಕ್ಕ ಸರಾಸರಿ ತೂಕ ಹೀಗಿದೆ:

- ಅಮೆರಿಕದಲ್ಲಿ ಹುಟ್ಟಿದ ಬಿಳಿ ತಾಯಂದಿರ ಮಕ್ಕಳು: 3,446 ಗ್ರಾಂ
- ಆಫ್ರಿಕದಲ್ಲಿ ಹುಟ್ಟಿದ ಕಪ್ಪು ತಾಯಂದಿರ ಮಕ್ಕಳು: 3,333 ಗ್ರಾಂ
- ಅಮೆರಿಕದಲ್ಲಿ ಹುಟ್ಟಿದ ಕಪ್ಪು ತಾಯಂದಿರ ಮಕ್ಕಳು: 3,089 ಗ್ರಾಂ

ಆಫ್ರಿಕದ ತಾಯಂದಿರು ಬಿಳಿಯರಿಗೇ ಹತ್ತಿರ! ವಲಸೆ ಬರುವವರಲ್ಲಿ ಓದಿದವರು, ಆರೋಗ್ಯವಂತರು ಹೆಚ್ಚು ಎಂಬುದೂ ನಿಜ. ಆದರೆ 2002ರಲ್ಲಿ ಪ್ರಕಟವಾದ ಮುಂದಿನ ಅಧ್ಯಯನ ನೋಡಿ. ಆ ವಲಸಿಗರ ಹೆಣ್ಣುಮಕ್ಕಳು ಅಮೆರಿಕದಲ್ಲೇ ಬೆಳೆದು ತಾಯಂದಿರಾದಾಗ, ಅವರ ಮಕ್ಕಳ ತೂಕ ಇಳಿದಿತ್ತು. ಯುರೋಪಿನಿಂದ ಬಂದ ಬಿಳಿಯರಲ್ಲಿ ಹೀಗಾಗಲಿಲ್ಲ. ಒಂದೇ ತಲೆಮಾರಿನಲ್ಲಿ ರಕ್ತ ಬದಲಾಗುವುದಿಲ್ಲ. ಬದಲಾದದ್ದು ಬದುಕು.

ಅವಮಾನ ದೇಹದೊಳಗೆ ಇಳಿಯುವುದು ಹೇಗೆ? ಅಂಗಡಿಯಲ್ಲಿ ಅನುಮಾನದ ನೋಟ, ಕೆಲಸದಲ್ಲಿ ತಾತ್ಸಾರ, ಮನೆ ಬಾಡಿಗೆಗೆ ಸಿಗದಿರುವುದು ವರ್ಷಗಟ್ಟಲೆ ನಡೆದರೆ ದೇಹ ಸದಾ ಎಚ್ಚರದಲ್ಲೇ ಇರುತ್ತದೆ. ಕಾರ್ಟಿಸಾಲ್‌ನಂಥ ಒತ್ತಡದ ಹಾರ್ಮೋನುಗಳು ಏರುಪೇರಾಗುತ್ತವೆ, ರಕ್ತದೊತ್ತಡ ಹೆಚ್ಚುತ್ತದೆ, ಅವಧಿಗೆ ಮುಂಚೆ ಹೆರಿಗೆಯಾಗುವ ಸಂಭವವೂ ಹೆಚ್ಚುತ್ತದೆ. ಜೊತೆಗೆ ಆಸ್ಪತ್ರೆಯಲ್ಲಿ ನೋವು ಹೇಳಿಕೊಂಡರೂ ಕಿವಿಗೊಡದಿದ್ದರೆ ತೊಂದರೆ ಇಮ್ಮಡಿ.

ನಮ್ಮಲ್ಲಿ ಬಣ್ಣದ ಜಾಗದಲ್ಲಿ ಜಾತಿ, ಬಡತನ, ಭಾಷೆ ಇವೆ. ‘ಆ ಜನರ ಮಕ್ಕಳು ಇರುವುದೇ ಹಾಗೆ’ ಎಂಬ ಮಾತು ನಮ್ಮ ಬಾಯಲ್ಲೂ ಬರುತ್ತದೆ. ಇನ್ನು ಆ ಮಾತು ಬೇಡ. ಗಡಿಯೂರುಗಳಲ್ಲಿ ಕನ್ನಡ ಮಾತ್ರ ಬಲ್ಲ ಗರ್ಭಿಣಿಯೊಬ್ಬಳು ತಪಾಸಣೆಗೆ ಹೊರಟರೆ, ಅಲ್ಲಿನ ಭಾಷೆ ಬಲ್ಲ ಒಬ್ಬರು ಜೊತೆಗೆ ಹೋಗಿ. ಅವಳು ಹೇಳಿದ್ದು ವೈದ್ಯರಿಗೆ, ವೈದ್ಯರು ಹೇಳಿದ್ದು ಅವಳಿಗೆ ಪೂರ್ತಿ ತಲುಪಲಿ. ಯಾವ ಕೇರಿಯವಳೆಂದು ಕೇಳುವುದು ಬೇಡ.